ಒಂದೇ ಅಂಕಣ ತುಂಬಿದ ಕೊನೆಯ ಪುಟ

1 ಡಿಸೆಂಬರ್ 2024, ಭಾನುವಾರ

ಬೆಳಗಿನ ಜಾವ ನಾಲ್ಕೂವರೆ. ಪಂದ್ಯ ಮುಗಿದು ಬಹಳ ಹೊತ್ತಾದರೂ ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಬ್ಯೂನಸ್ ಐರಿಸ್‌ನ ಮೊನುಮೆಂಟಲ್ ಕ್ರೀಡಾಂಗಣದಲ್ಲಿ ಶನಿವಾರ ಸಂಜೆ ಐದಕ್ಕೆ ಆರಂಭವಾದ ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ಟೂರ್ನಿಯಾದ ಕೊಪಾ ಲಿಬರ್ಟಡೋರೆಸ್‌ನ ಫೈನಲ್, ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಯ ಪಂದ್ಯ. ರಜೆಗೆ ಬಂದಿರುವ ಅಕ್ಕನ ಮಗನೂ ನನ್ನೊಡನೆ ಎದ್ದು ಕುಳಿತಿದ್ದ. ಅವನು ಕಂಬಳಿಯನ್ನು ಸರಿಯಾಗಿ ಹೊದ್ದುಕೊಳ್ಳುವಷ್ಟರಲ್ಲಿ, ಅಂದರೆ ಆಟ ಶುರುವಾಗಿ ಅರ್ಧ ನಿಮಿಷ ಕಳೆಯುವಷ್ಟರಲ್ಲಿ, ಬ್ರೆಜಿಲ್‌ನ ರಿಯೊ ನಗರದ ಬೊಟಾಫೊಗೊ ತಂಡದ ಮಿಡ್‌ಫೀಲ್ಡರ್ ಗ್ರೆಗೋರೆ ಎತ್ತಿದ ಕಾಲು ಅದೇ ದೇಶದ ಅಟ್ಲೆಟಿಕೊ ಮಿನೇರೊ ತಂಡದ ಫೌಸ್ಟೊ ವೆರಾ ಅವರ ತಲೆಗೆ ತಗುಲಿತು. ರೆಫರಿ ಫಕುಂಡೊ ಟೆಲೊ ಕೆಂಪು ಕಾರ್ಡ್ ತೋರಿಸಿ ಅವರನ್ನು ಆಟದಿಂದ ಹೊರಕಳುಹಿಸಿದರು. ಬೂಟಿನ ಅಡಿಯ ಮೊಳೆಗಳು ನೇರವಾಗಿ ತಲೆಗೆ ಬಡಿದಿದ್ದರಿಂದ ಆ ತೀರ್ಪಿನಲ್ಲಿ ತಪ್ಪು ಹುಡುಕಲು ನನ್ನಂಥ ಅಭಿಮಾನಿಗೂ ಸಾಧ್ಯವಿರಲಿಲ್ಲ.

"ಇನ್ನು ತೊಂಬತ್ತು ನಿಮಿಷ ಹತ್ತೇ ಜನ ಹೇಗೆ ತಡೀತಾರೆ ಮಾಮ?" ಎಂದು ಹುಡುಗ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಬೊಟಾಫೊಗೊ ಅಭಿಮಾನಿಗಳ ನಡುವೆ ಬಹಳ ಹಿಂದಿನಿಂದ ಓಡಾಡುವ ಒಂದು ಮಾತಿದೆ: ಕೆಲವು ಸಂಗತಿಗಳು ಬೊಟಾಫೊಗೊಗೆ ಮಾತ್ರ ಆಗುತ್ತವೆ. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಆ ಮಾತೊಂದೇ. ಮೂರೂವರೆ ಸುಮಾರಿಗೆ ಅದೇ ತಂಡ 3-1ರಿಂದ ಗೆದ್ದು, ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಲಿಬರ್ಟಡೋರೆಸ್ ಕಪ್ಪನ್ನು ಎತ್ತಿ ಹಿಡಿಯಿತು. ಇದನ್ನು ಒಂದು ರಾತ್ರಿಯ ಪವಾಡವೆಂದು ಹೇಳುವವರು ನಾಳೆ ಬಹಳ ಜನ ಸಿಗುತ್ತಾರೆ. ಆಗಸ್ಟ್‌ನಿಂದ ಈ ತಂಡದ ನಾಕೌಟ್ ಪಂದ್ಯಗಳನ್ನೆಲ್ಲ ಬಿಡದೆ ನೋಡಿರುವ ನನಗೆ ಹಾಗೆ ಅನಿಸುವುದಿಲ್ಲ. ಏಕೆ ಅನಿಸುವುದಿಲ್ಲ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು.

ನನ್ನದೊಂದು ಇನ್ನೂರು ಪುಟದ ಗೆರೆ ಪುಸ್ತಕವಿದೆ. ಪ್ರತಿ ವರ್ಷ ನಾಕೌಟ್ ಸುತ್ತು ಶುರುವಾದಾಗ ಪುಟದ ನಡುವೆ ಸ್ಕೇಲಿನಿಂದ ಗೆರೆ ಎಳೆದು ಎರಡು ಅಂಕಣ ಮಾಡಿಕೊಳ್ಳುತ್ತೇನೆ: ಎಡಗಡೆ ಮೊದಲ ಪಂದ್ಯ, ಬಲಗಡೆ ಎರಡನೆಯದು. ಗುಂಪು ಹಂತ ದಾಟಿದ ಹದಿನಾರು ತಂಡಗಳು ತವರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು ಎಂಬಂತೆ ಆಡುತ್ತವೆ ಮತ್ತು ಎರಡರ ಗೋಲುಗಳನ್ನು ಕೂಡಿ ಗೆದ್ದವರು ಮುಂದೆ ಹೋಗುತ್ತಾರೆ. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ಹಳೆಯ ನಿಯಮವನ್ನು 2022ರಿಂದ ಕೈಬಿಟ್ಟಿದ್ದಾರೆ. ಮೊತ್ತ ಸಮವಾದರೆ ಹೆಚ್ಚುವರಿ ಸಮಯವೂ ಇಲ್ಲ, ನೇರವಾಗಿ ಗೋಲ್‌ಕೀಪರ್ ಎದುರು ಸರದಿಯಂತೆ ಒದೆಯುವ ಪೆನಾಲ್ಟಿ. ಈ ಟೂರ್ನಿಯ ನಿಜವಾದ ಕಥೆ ನನ್ನ ಪುಸ್ತಕದ ಬಲಗಡೆಯ ಅಂಕಣದಲ್ಲಿರುತ್ತದೆ. ಮೊದಲ ಪಂದ್ಯದಲ್ಲಿ ಗಳಿಸಿದ್ದನ್ನು ಬೇರೆಯವರ ಊರಿಗೆ ಹೋಗಿ ಕಾಪಾಡಿಕೊಂಡು ಬರುವುದು ಬೇರೆಯದೇ ವಿದ್ಯೆ. ಈ ಸಲ ರಿಯೊದ ಫ್ಲಮೆಂಗೊ ತಂಡ ತನ್ನ ತವರಿನ ಮರಕಾನಾ ಕ್ರೀಡಾಂಗಣದಲ್ಲಿ ಬೊಲಿವಿಯಾದ ಬೊಲಿವಾರ್ ತಂಡವನ್ನು 2-0ರಿಂದ ಸೋಲಿಸಿ, ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರದಲ್ಲಿರುವ ಲಾ ಪಾಜ್‌ಗೆ ಹೋದಾಗ, ಅಲ್ಲಿ ಉಸಿರು ಹಿಡಿದುಕೊಂಡೇ ಆಡಿ 1-0ರಿಂದ ಸೋತು, ಒಟ್ಟು ಲೆಕ್ಕದಲ್ಲಿ ಒಂದೇ ಗೋಲಿನಿಂದ ಬಚಾವಾಗಿ ಬಂದಿತು. ಆ ಎತ್ತರದಲ್ಲಿ ಚೆಂಡು ತೆಳುಗಾಳಿಯನ್ನು ಸೀಳಿ ವೇಗವಾಗಿ ಹಾರುತ್ತದೆ, ಬಯಲಿನಿಂದ ಹೋದವರ ಕಾಲುಗಳು ಮಾತ್ರ ಅರ್ಧ ತಾಸಿಗೇ ಭಾರವಾಗುತ್ತವೆ.

ಬೊಟಾಫೊಗೊ ಮನಸ್ಸಿನ ಮೇಲಿದ್ದ ಭಾರ ಇದಕ್ಕಿಂತ ದೊಡ್ಡದು. 2023ರಲ್ಲಿ ಬ್ರೆಜಿಲ್ ಲೀಗ್‌ನಲ್ಲಿ ಒಂದು ಹಂತದಲ್ಲಿ 13 ಅಂಕಗಳ ಮುನ್ನಡೆ ಹೊಂದಿದ್ದ ತಂಡ ಕೊನೆಗೆ ಐದನೇ ಸ್ಥಾನಕ್ಕೆ ಜಾರಿತು. ಆ ಜಾರುವಿಕೆಯ ಅತ್ಯಂತ ಕಹಿಯಾದ ರಾತ್ರಿ 2023ರ ನವೆಂಬರ್ 1. ತವರಿನ ನಿಲ್ಟನ್ ಸಾಂಟೋಸ್ ಕ್ರೀಡಾಂಗಣದಲ್ಲಿ ವಿರಾಮದ ವೇಳೆಗೆ ಪಾಲ್ಮೇರಾಸ್ ವಿರುದ್ಧ 3-0ರಿಂದ ಮುಂದಿದ್ದ ಬೊಟಾಫೊಗೊ, ಪಂದ್ಯ ಮುಗಿದಾಗ 4-3ರಿಂದ ಸೋತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಅಂದಿನಂತೆ ನಾನು ಎಂದೂ ಕಣ್ಣಾರೆ ಕಂಡಿರಲಿಲ್ಲ. ಐದನೇ ಸ್ಥಾನದ ಫಲವಾಗಿ ಈ ವರ್ಷದ ಲಿಬರ್ಟಡೋರೆಸ್‌ಗೆ ನೇರ ಪ್ರವೇಶವೂ ಸಿಗದೆ, ಫೆಬ್ರುವರಿಯಲ್ಲಿ ಬೊಲಿವಿಯಾದ ಅರೋರಾ ತಂಡದ ವಿರುದ್ಧ ಅರ್ಹತಾ ಸುತ್ತಿನಿಂದ ಪಯಣ ಆರಂಭಿಸಬೇಕಾಯಿತು.

ಇಷ್ಟೆಲ್ಲ ಆದ ಮೇಲೆ, ಹದಿನಾರರ ಸುತ್ತಿನಲ್ಲಿ ಎದುರಾಳಿಯಾಗಿ ಬಂದದ್ದು ಮತ್ತೆ ಅದೇ ಪಾಲ್ಮೇರಾಸ್. ರಿಯೊದಲ್ಲಿ 2-1ರ ಗೆಲುವು. ಆಗಸ್ಟ್ 21ರಂದು ಸಾವೊ ಪೌಲೊ ನಗರದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಇಗೊರ್ ಜೆಸುಸ್ ಮತ್ತು ಸವರೀನೊ ಅವರ ಗೋಲುಗಳಿಂದ 2-0 ಮುನ್ನಡೆ. ಎಲ್ಲವೂ ಮುಗಿದಂತೆಯೇ ಇತ್ತು. ಆದರೆ ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಪಾಲ್ಮೇರಾಸ್ ಬೆನ್ನುಬೆನ್ನಿಗೆ ಎರಡು ಗೋಲು ಹೊಡೆಯಿತು. ಇಂಜುರಿ ಟೈಮ್‌ನಲ್ಲಿ ಗುಸ್ತಾವೊ ಗೊಮೆಜ್ ಮೂರನೆಯದನ್ನೂ ಬಲೆಗೆ ಸೇರಿಸಿದಾಗ ಇಡೀ ಕ್ರೀಡಾಂಗಣ ಕುಣಿಯಿತು. ನಾನು ಪುಸ್ತಕ ಮುಚ್ಚಿಟ್ಟೆ. ವಿಡಿಯೊ ರೆಫರಿಗಳು ಮರುಪರಿಶೀಲಿಸಿ, ಚೆಂಡು ಕೈಗೆ ತಗುಲಿದ್ದನ್ನು ಕಂಡು ಆ ಗೋಲನ್ನು ರದ್ದುಪಡಿಸಿದರು. ಒಟ್ಟು 4-3. ಹಿಂದಿನ ವರ್ಷ ಬೊಟಾಫೊಗೊವನ್ನು ಮಣ್ಣುಮುಕ್ಕಿಸಿದ ಅಂಕಿಗಳೇ ಈ ಸಲ ಅದರ ಪರವಾಗಿ ನಿಂತಿದ್ದವು. ಆ ಸಂಖ್ಯೆಯನ್ನು ಪುಟದ ಕೆಳಗೆ ಬರೆಯುವಾಗ ನನ್ನ ಕೈ ನಡುಗಿದ್ದು ನೆನಪಿದೆ.

ಕ್ವಾರ್ಟರ್ ಫೈನಲ್‌ನಲ್ಲಿಯೂ ಇದೇ ಪಾಠ. ಸಾವೊ ಪೌಲೊ ತಂಡದ ವಿರುದ್ಧ ರಿಯೊದಲ್ಲಿ ಗೋಲಿಲ್ಲದ ಡ್ರಾ. ಎದುರಾಳಿಯ ತವರಾದ ಮೊರುಂಬಿಯಲ್ಲಿ ಬೊಟಾಫೊಗೊದ ಥಿಯಾಗೊ ಅಲ್ಮಾಡ ಬೇಗನೆ ಗೋಲು ಹೊಡೆದರು, ಲುಕಾಸ್ ಮೌರಾ ಸಾವೊ ಪೌಲೊಗೆ ಸಿಕ್ಕಿದ ಪೆನಾಲ್ಟಿಯನ್ನು ಕಳೆದುಕೊಂಡರು. 87ನೇ ನಿಮಿಷದಲ್ಲಿ ಸಾವೊ ಪೌಲೊದ ಕಲೇರಿ ಸಮಬಲ ಸಾಧಿಸಿದರು. ಮತ್ತೆ ಕೊನೆಯ ಗಳಿಗೆ, ಮತ್ತೆ ಕೈತಪ್ಪಿದ ಮುನ್ನಡೆ. ಹಿಂದಿನ ವರ್ಷದ ಬೊಟಾಫೊಗೊ ಆಗಿದ್ದರೆ ಪೆನಾಲ್ಟಿ ಬಿಂದುವಿನ ಕಡೆಗೆ ನಡೆಯುವಾಗಲೇ ಸೋತಿರುತ್ತಿತ್ತು. ಈ ತಂಡ 5-4ರಿಂದ ಗೆದ್ದಿತು.

ಸೆಮಿಫೈನಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1960 ಮತ್ತು 1961ರಲ್ಲಿ, ಅಂದರೆ ಟೂರ್ನಿಯ ಮೊದಲೆರಡು ವರ್ಷಗಳಲ್ಲಿ ಚಾಂಪಿಯನ್ ಆಗಿದ್ದ ಉರುಗ್ವೆಯ ಪೆನ್ಯರೋಲ್, ಫ್ಲಮೆಂಗೊವನ್ನು ಮರಕಾನಾದಲ್ಲೇ ಸೋಲಿಸಿ ಬಂದಿತ್ತು. ಅಕ್ಟೋಬರ್ 24ರ ಬೆಳಿಗ್ಗೆ ಆರಕ್ಕೆ ಚಹಾ ಹಿಡಿದು ಕುಳಿತ ನಾನು ವಿರಾಮದವರೆಗೂ ಒಂದೇ ಒಂದು ಗೋಲನ್ನು ಕಾಣಲಿಲ್ಲ. ನಂತರ ಬೊಟಾಫೊಗೊ ಐದು ಗೋಲು ಹೊಡೆಯಿತು. ಮಾಂಟೆವಿಡಿಯೊದ ಸೆಂಟೆನಾರಿಯೊದಲ್ಲಿ ಪೆನ್ಯರೋಲ್ 3-1ರಿಂದ ಗೆದ್ದು ಮಾನ ಉಳಿಸಿಕೊಂಡಿತು. ಆಚೆ ಬದಿಯಲ್ಲಿ ಅಟ್ಲೆಟಿಕೊ ಮಿನೇರೊ, ರಿವರ್ ಪ್ಲೇಟ್ ತಂಡವನ್ನು ಬೆಲೊ ಹೊರಿಜಾಂಟೆಯಲ್ಲಿ 3-0ರಿಂದ ಬಗ್ಗುಬಡಿದು, ಮೊನುಮೆಂಟಲ್‌ನಲ್ಲಿ 0-0 ಸಾಧಿಸಿತು. ರಿವರ್ ತಂಡದ ಜನಸಾಗರ ಪಟಾಕಿ ಮತ್ತು ಹೊಗೆಯಿಂದ ಆಕಾಶವನ್ನೇ ಮುಚ್ಚಿದ್ದ ಆ ರಾತ್ರಿ ಮಿನೇರೊ ತಂಡದ ರಕ್ಷಣಾ ಸಾಲು ಒಂದಿಂಚೂ ಅಲುಗಾಡಿರಲಿಲ್ಲ. ಹೀಗೆ ಫೈನಲ್ ನಡೆಯುವ ಅಂಗಳದ ಪರಿಚಯ ಒಂದು ತಿಂಗಳ ಮೊದಲೇ ಆಗಿದ್ದ ಮಿನೇರೊ, ಬೊಟಾಫೊಗೊಗಿಂತ ಒಂದು ಹೆಜ್ಜೆ ಮುಂದಿತ್ತು.

ಈಗ ರಾತ್ರಿಯ ಪಂದ್ಯ. ಗ್ರೆಗೋರೆ ಹೊರನಡೆದಾಗ ಬೊಟಾಫೊಗೊ ಕೋಚ್ ಅರ್ತುರ್ ಜೊರ್ಜ್ ಏನು ಮಾಡುತ್ತಾರೆಂದು ನಾನು ಪರದೆಗೆ ಹತ್ತಿರ ಸರಿದು ನೋಡುತ್ತಿದ್ದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಒಬ್ಬ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಕರೆಸಿ ಒಬ್ಬ ರಕ್ಷಣಾ ಆಟಗಾರನನ್ನು ಇಳಿಸುತ್ತಾರೆ. ಅವರು ಹಾಗೆ ಮಾಡಲಿಲ್ಲ. ಲೂಯಿಜ್ ಹೆನ್ರಿಕ್, ಅಲ್ಮಾಡ, ಸವರೀನೊ, ಇಗೊರ್ ಜೆಸುಸ್ ನಾಲ್ವರೂ ಅಂಗಳದಲ್ಲೇ ಉಳಿದರು, ಅವರು ಹೆಚ್ಚು ಓಡಬೇಕಾಯಿತು, ಅಷ್ಟೇ. ಇಡೀ ಪಂದ್ಯದ ಅತಿ ದೊಡ್ಡ ನಿರ್ಧಾರ ಇದೇ ಎಂದು ನನ್ನ ನಂಬಿಕೆ. ಮಿನೇರೊ ತಂಡಕ್ಕೆ ಚೆಂಡು ಬೇಕಾದಷ್ಟು ಸಿಕ್ಕಿತು, ಆದರೆ ನುಗ್ಗಲು ಜಾಗ ಸಿಗಲಿಲ್ಲ. ಅದರ ಫಾರ್ವರ್ಡ್ ಹಲ್ಕ್ ದೂರದಿಂದ ಹೊಡೆಯುತ್ತಾ ಹೋದರು. ಎದುರಾಳಿ ಹತ್ತು ಜನರಾದಾಗ ಗೆಲ್ಲಲೇಬೇಕೆಂಬ ಒತ್ತಡ ಹನ್ನೊಂದು ಜನರ ಮೇಲೆ ಬೀಳುತ್ತದೆ. ಮಿನೇರೊ ಕೋಚ್ ಮಿಲಿಟೊ ಅವರ ಹುಡುಗರು ಅದನ್ನು ಹೊರಲಾರದೆ ತಡವರಿಸುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು.

35ನೇ ನಿಮಿಷದಲ್ಲಿ ಪೆನಾಲ್ಟಿ ಆವರಣದ ಗೊಂದಲದಲ್ಲಿ ತಮ್ಮ ಕಾಲಿಗೆ ಸಿಕ್ಕಿದ ಚೆಂಡನ್ನು ಲೂಯಿಜ್ ಹೆನ್ರಿಕ್ ಗೋಲಾಗಿಸಿದರು. ಹತ್ತು ನಿಮಿಷ ಕಳೆಯುವುದರೊಳಗೆ ಅವರೇ ಚೆಂಡಿನ ಬೆನ್ನುಹತ್ತಿ ಗೋಲ್‌ಕೀಪರ್ ಎವರ್ಸನ್ ಅವರಿಗಿಂತ ಮೊದಲು ಅದನ್ನು ಮುಟ್ಟಿ ಕೆಳಗೆ ಬಿದ್ದರು. ವಿಡಿಯೊ ನೋಡಿದ ರೆಫರಿ ಪೆನಾಲ್ಟಿ ಕೊಟ್ಟರು, ಅಲೆಕ್ಸ್ ಟೆಲ್ಲೆಸ್ ತಪ್ಪು ಮಾಡಲಿಲ್ಲ. ವಿರಾಮಕ್ಕೆ 2-0. ಅಕ್ಕನ ಮಗ ಕುಣಿಯುತ್ತಿದ್ದ, ನಾನು ಸುಮ್ಮನಿದ್ದೆ. ವಿರಾಮಕ್ಕೆ ಮೂರು ಗೋಲುಗಳಿಂದ ಮುಂದಿದ್ದು ಸೋತ ತಂಡ ಇದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆಟ ಮತ್ತೆ ಶುರುವಾದ ಕೂಡಲೇ, 47ನೇ ನಿಮಿಷದಲ್ಲಿ, ಮಿನೇರೊ ಪರ ಆಗಷ್ಟೇ ಬದಲಿಯಾಗಿ ಇಳಿದಿದ್ದ ಚಿಲಿಯ ಎಡ್ವಾರ್ಡೊ ವರ್ಗಾಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋಲು ಹೊಡೆದರು. ಅಲ್ಲಿಂದ ಮುಂದಿನ ಐವತ್ತು ನಿಮಿಷಗಳನ್ನು ನಾನು ಕುಳಿತು ನೋಡಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ನೋಡಿದೆ. ಕೊನೆಯ ಹೊತ್ತಿನಲ್ಲಿ ವರ್ಗಾಸ್‌ಗೆ ಸಮಬಲ ಸಾಧಿಸಲು ಒಳ್ಳೆಯ ಅವಕಾಶಗಳು ಸಿಕ್ಕಿದವು, ಒಂದೂ ಗೋಲಾಗಲಿಲ್ಲ. ಬೊಟಾಫೊಗೊ ಆಟಗಾರರ ಮುಖಗಳನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದಾಗ ಅಲ್ಲಿ ದಣಿವು ಕಂಡಿತು, ಗಾಬರಿ ಕಾಣಲಿಲ್ಲ. ಪಾಲ್ಮೇರಾಸ್ ಅಂಗಳದ ಆ ಹತ್ತು ನಿಮಿಷಗಳನ್ನು, ಮೊರುಂಬಿಯ ಆ 87ನೇ ನಿಮಿಷವನ್ನು ದಾಟಿ ಬಂದವರಿಗೆ ಇದು ಹೊಸ ಸಂಕಟವಾಗಿರಲಿಲ್ಲ. 90 ನಿಮಿಷ ಮುಗಿದು ಏಳು ನಿಮಿಷಗಳಾದ ಮೇಲೆ, ಜುಲೈನಲ್ಲಿ ಕಾಲಿನ ಮೂಳೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹೊರಗುಳಿದಿದ್ದ ಜೂನಿಯರ್ ಸಾಂಟೋಸ್, ಬಲ ಮೂಲೆಯ ಬಳಿ ಚೆಂಡನ್ನು ಕಾಲಡಿಯಲ್ಲಿಟ್ಟುಕೊಂಡು ಹೊತ್ತು ಕಳೆಯಬಹುದಾಗಿದ್ದರೂ ಎದುರಾಳಿಗಳನ್ನು ದಾಟಿ ಒಳನುಗ್ಗಿದರು, ಮರಳಿ ತಮ್ಮ ಬಳಿಗೇ ಬಂದ ಚೆಂಡನ್ನು ಬಲೆಗೆ ತಳ್ಳಿದರು. ಅದು ಈ ಟೂರ್ನಿಯಲ್ಲಿ ಅವರ ಹತ್ತನೇ ಗೋಲು, ಎಲ್ಲರಿಗಿಂತ ಹೆಚ್ಚು.

ಬ್ರೆಜಿಲ್‌ನ ದಿಗ್ಗಜರಾದ ಗರಿಂಚಾ ಮತ್ತು ನಿಲ್ಟನ್ ಸಾಂಟೋಸ್ ಆಡಿದ ಕ್ಲಬ್ ಇದು. ಅಂಥವರಿದ್ದ ಕಾಲದಲ್ಲೂ, 1963ರ ಸೆಮಿಫೈನಲ್‌ನಲ್ಲಿ, ಪೆಲೆಯವರ ಸಾಂಟೋಸ್ ತಂಡ ಎರಡನೇ ಪಂದ್ಯದಲ್ಲಿ ಮರಕಾನಾದಲ್ಲೇ 4-0ರಿಂದ ಇವರನ್ನು ಮನೆಗೆ ಕಳುಹಿಸಿತ್ತು. ಲಿಬರ್ಟಡೋರೆಸ್ ಕಪ್ಪಿನ ಮರದ ಪೀಠಕ್ಕೆ ಗೆದ್ದ ಕ್ಲಬ್ಬುಗಳ ಪುಟ್ಟ ಲೋಹದ ಬಿಲ್ಲೆಗಳನ್ನು ಜೋಡಿಸುತ್ತಾ ಬಂದಿದ್ದಾರೆ. ಆ ಸಾಲುಗಳಲ್ಲಿ ಇಷ್ಟು ವರ್ಷ ಕಾಣದಿದ್ದ, ಬೊಟಾಫೊಗೊ ಲಾಂಛನದ ಒಂಟಿ ನಕ್ಷತ್ರ ಈಗ ಅಲ್ಲಿ ಸೇರಲಿದೆ.

ಮನಸ್ಸಿಗೆ ಒಪ್ಪದ ಒಂದು ಸಂಗತಿಯನ್ನೂ ಇಲ್ಲಿ ಬರೆದಿಡುತ್ತೇನೆ. 2019ರಿಂದ ಫೈನಲ್ ಒಂದೇ ಪಂದ್ಯ, ಅದೂ ಮೊದಲೇ ನಿಗದಿಯಾದ ಊರಿನಲ್ಲಿ. ಆದ್ದರಿಂದ ನನ್ನ ಪುಸ್ತಕದ ಕೊನೆಯ ಪುಟದಲ್ಲಿ ಎಡಗಡೆಯ ಅಂಕಣ ಮಾತ್ರ ತುಂಬಿದೆ, ಬಲಗಡೆ ಖಾಲಿ. ಬ್ರೆಜಿಲ್‌ನ ಎರಡು ಕ್ಲಬ್ಬುಗಳು ಫೈನಲ್ ಆಡಲು ಅರ್ಜೆಂಟೀನಾಕ್ಕೆ ಹೋಗಬೇಕಾಯಿತು. ಅಲ್ಲಿಗೆ ಹೋಗಲು ಹಣ ಹೊಂದಿಸಲಾಗದೆ ರಿಯೊದಲ್ಲೇ ಉಳಿದ ಅಭಿಮಾನಿಗಳಿಗೆ ತಮ್ಮ ತಂಡದ ಜೀವಮಾನದ ಪಂದ್ಯ ನನಗೆ ಸಿಕ್ಕಂತೆಯೇ ಪರದೆಯ ಮೇಲೆ ಸಿಕ್ಕಿತು. 2013ರಲ್ಲಿ ಇದೇ ಮಿನೇರೊ, ಪರಾಗ್ವೆಯ ಒಲಿಂಪಿಯಾ ವಿರುದ್ಧ ಅಸುನ್ಸಿಯಾನ್‌ನಲ್ಲಿ 2-0ರಿಂದ ಸೋತು, ಒಂದು ವಾರದ ಬಳಿಕ ತನ್ನ ಊರಿನ ಮಿನೇರಾವೊದಲ್ಲಿ ಅಷ್ಟೇ ಗೋಲುಗಳಿಂದ ಗೆದ್ದು, ಪೆನಾಲ್ಟಿಯಲ್ಲಿ ಕಪ್ ಎತ್ತಿತ್ತು. ರಾತ್ರಿ ತಲೆ ತಗ್ಗಿಸಿ ನಿಂತಿದ್ದ ಮಿನೇರೊ ಅಭಿಮಾನಿಗಳನ್ನು ಕಂಡಾಗ, ಗೆದ್ದ ಸಂತೋಷದ ನಡುವೆಯೂ, ಇವರಿಗೆ ತಮ್ಮ ಊರಿನಲ್ಲಿ ಇನ್ನೊಂದು ಪಂದ್ಯ ಸಿಗಬೇಕಿತ್ತು ಎಂದು ಅನಿಸಿತು. ಪ್ರಸಾರಕ್ಕೆ, ಏರ್ಪಾಡಿಗೆ ಒಂದೇ ಪಂದ್ಯ ಅನುಕೂಲವಿರಬಹುದು, ಆದರೆ ಈ ಟೂರ್ನಿಯನ್ನು ಈ ಟೂರ್ನಿಯನ್ನಾಗಿ ಮಾಡಿದ್ದು ಎರಡನೇ ಪಂದ್ಯವೇ.

ಹುಡುಗ ಸೋಫಾದ ಮೇಲೆಯೇ ನಿದ್ದೆ ಹೋಗಿದ್ದಾನೆ. ಬೊಟಾಫೊಗೊಗೆ ಲೀಗ್‌ನಲ್ಲಿ ಇನ್ನೂ ಎರಡು ಪಂದ್ಯಗಳಿವೆ, ಮೊದಲ ಸ್ಥಾನದಲ್ಲಿರುವುದೂ ಅದೇ. ಬುಧವಾರ ಪೋರ್ಟೊ ಅಲೆಗ್ರೆಯಲ್ಲಿ ಇಂಟರ್ನಾಸಿಯೊನಲ್ ವಿರುದ್ಧ, ಆಮೇಲೆ ತವರಿನಲ್ಲಿ ಸಾವೊ ಪೌಲೊ ವಿರುದ್ಧ. ಅದಕ್ಕಾಗಿ ಪುಸ್ತಕದಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದಿಟ್ಟಿದ್ದೇನೆ.