ಲೋಡಿನ ಲೆಕ್ಕ

ಲಾಜಿಸ್ಟಿಕ್ಸ್‌ನಲ್ಲಿ ಎಂಬಿಎ ಓದುತ್ತಿರುವ ಕೋಲಾರದ ಮಕ್ಕಳೇ, ಪ್ರಾಜೆಕ್ಟಿಗೆಂದು ಬೆಂಗಳೂರಿನ ಗೋದಾಮುಗಳನ್ನೇ ಹುಡುಕಬೇಡಿ. ನಮ್ಮ ಎಪಿಎಂಸಿಯ ಟೊಮೇಟೊ ಮಂಡಿ ಇದೆಯಲ್ಲ.

ಕ್ರೇಟಿಗೆ 15 ಕೆಜಿ ಹಣ್ಣು. ಖಾಲಿ ಕ್ರೇಟು 2 ಕೆಜಿ ಅಂತಿಟ್ಟುಕೊಳ್ಳಿ. 9 ಟನ್ ಹೊರುವ ಲಾರಿಗೆ 15ರಿಂದ ಭಾಗಿಸಿದರೆ 600 ಕ್ರೇಟು. ಹಾಗೇ ತುಂಬಿದರೆ ಕ್ರೇಟಿನ ತೂಕವೇ 1,200 ಕೆಜಿ ಓವರ್‌ಲೋಡ್ ಆಯಿತು. 17ರಿಂದ ಭಾಗಿಸಬೇಕು: 529.

ಜೋಡಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಹಣ್ಣು ಕ್ರೇಟಿನ ಅಂಚಿಗಿಂತ ಕೆಳಗಿರಬೇಕು. ಅಂಚು ಮೀರಿದರೆ ಮೇಲಿನ ಕ್ರೇಟಿನ ಭಾರ ಪ್ಲಾಸ್ಟಿಕ್ ಗೋಡೆಯ ಮೇಲೆ ಕೂರದೆ ಹಣ್ಣಿನ ಮೇಲೇ ಕೂರುತ್ತದೆ. ತಳದ ಸಾಲಲ್ಲಿ ಒಂದು ಒಡೆದರೆ ರಸ ಸೋರಿ ಪಕ್ಕದವಕ್ಕೂ ಕೊಳೆ ಹತ್ತುತ್ತದೆ. ತಾರ್ಪಾಲು ನಾಲ್ಕೂ ಕಡೆ ಬಿಗಿದರೆ ಹಣ್ಣಿನ ಬಿಸಿ ಒಳಗೇ ನಿಲ್ಲುತ್ತದೆ. ಹಾಗಂತ ಎಲ್ಲಕ್ಕೂ ಎಸಿ ಲಾರಿಯೇ ಮದ್ದಲ್ಲ. ಬಲಿತ ಹಸಿರು ಕಾಯಿಯನ್ನು ದಿನಗಟ್ಟಲೆ 10 ಡಿಗ್ರಿಗಿಂತ ಕೆಳಗಿಟ್ಟರೆ ಆಮೇಲೆ ಸರಿಯಾಗಿ ಬಣ್ಣ ತಿರುಗುವುದಿಲ್ಲ. 13ರ ಆಸುಪಾಸು ಕ್ಷೇಮ.

ಲೋಡು, ಜೋಡಣೆಯ ಲೆಕ್ಕವನ್ನು ಮಂಡಿಯ ಹಮಾಲರು ಕಣ್ಣಳತೆಯಲ್ಲೇ ಹೇಳಬಲ್ಲರು. ಅವರ ಹೆಸರು ಯಾವ ಸಿಲಬಸ್ಸಿನಲ್ಲೂ ಇರುವುದಿಲ್ಲ ಅನ್ನುವುದು ಮನಸ್ಸಿಗೆ ಚುಚ್ಚುತ್ತದೆ. ಹೋಗಿ, ಅಣ್ಣಾ ಅಂತ ಮಾತಾಡಿಸಿ ಕಲಿಯಿರಿ.

ಲೋಡಿಂಗ್ ಶುರುವಾದ ಹೊತ್ತು, ಲಾರಿ ಗೇಟು ದಾಟಿದ ಹೊತ್ತು ಬರೆದುಕೊಳ್ಳಿ. ಮಾಲು ಮುಟ್ಟಿದ ಮೇಲೆ ಮೇಲಿನ, ನಡುವಿನ, ತಳದ ಸಾಲಿನ ಕ್ರೇಟುಗಳಲ್ಲಿ ಕೆಟ್ಟ ಹಣ್ಣನ್ನು ಬೇರೆ ಬೇರೆ ತೂಗಿಸಿ. ಒಟ್ಟಿಗೆ ತೂಗಿದರೆ ನಷ್ಟ ಎಷ್ಟೆಂದು ತಿಳಿಯುತ್ತದೆ, ಯಾಕೆಂದು ತಿಳಿಯುವುದಿಲ್ಲ. ಖಾಲಿ ಕ್ರೇಟು ವಾಪಸ್ ತರುವ ಬಾಡಿಗೆ ಯಾರ ತಲೆಗೆ ಅನ್ನುವುದನ್ನೂ ಕೇಳಿ.