ಹಿಂದಿನ ತಟ್ಟೆ ಒಣಗಿತ್ತು

ತೀರ್ಥಹಳ್ಳಿ, 11 ಜುಲೈ 2024, ಗುರುವಾರ

ಬೆಳಿಗ್ಗೆ ಹಾಲು ಕಾಯಿಸೋಣವೆಂದು ಅಡುಗೆಮನೆಗೆ ಕಾಲಿಟ್ಟರೆ ಪಚಕ್ ಅಂದಿತು. ನಿನ್ನೆ ರಾತ್ರಿ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಫ್ರಿಜ್ ಮುಂದೆ ಮೊರದಗಲ ನೀರು.

ಮಳೆಗಾಲದಲ್ಲಿ ನಮ್ಮನೆಯೊಳಗೆ ಎಲ್ಲಿ ನೀರು ಕಂಡರೂ ಮೊದಲು ಕತ್ತೆತ್ತಿ ಮಾಡು ನೋಡುವುದು ರೂಢಿ. ಹಳೇ ಹಂಚಿನ ಮನೆ. ಮಂಗಗಳು ಒಂದು ಸಲ ಓಡಿದರೆ ನಾಲ್ಕು ಹಂಚು ಜರುಗಿರುತ್ತವೆ. ಅತ್ತೆಯೂ ಬಂದು ಮೇಲೆ ನೋಡಿದರು. "ಮಾಡು ಸೋರಿದ್ದಲ್ಲ ಮಾರಾಯ್ತಿ, ರೀಪು ಒಣಗೇ ಇದ್ಯಲ್ಲ" ಎಂದರು. ಹಾಗಾದರೆ ರಾತ್ರಿ ಮಗಳು ನೀರಿನ ಬಾಟಲಿಯ ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತ ತಪ್ಪನ್ನು ಅವಳ ತಲೆಗೆ ಕಟ್ಟಿ, ನೆಲ ಒರೆಸಿ, ಸೊಸೈಟಿಗೆ ಕೆಲಸಕ್ಕೆ ಹೋದೆ.

ಸಂಜೆ ಬಂದರೆ ಅಷ್ಟೇ ನೀರು, ಅದೇ ಜಾಗದಲ್ಲಿ. ಕೆಳಗಿನ ತರಕಾರಿ ಡಬ್ಬಿ ಎಳೆದೆ. ಎರಡು ಬೆರಳು ನೀರು ನಿಂತಿತ್ತು, ಹಸಿಮೆಣಸು ತೇಲುತ್ತಿತ್ತು, ಕೊತ್ತಂಬರಿ ಸೊಪ್ಪು ಗೊಜ್ಜಾಗಿತ್ತು. ಮಗಳ ಹತ್ತಿರ ತಪ್ಪಾಯ್ತು ಅನ್ನಬೇಕಿತ್ತು. ಅನ್ನಲಿಲ್ಲ.

ಮಲಗುವ ಮುಂಚೆ ಹಳೇ ಪೇಪರನ್ನು ಪಟ್ಟಿಪಟ್ಟಿ ಹರಿದು ಫ್ರಿಜ್ ಅಡಿಗೆ ತೂರಿಸಿದೆ. ಮುಂದೆರಡು, ನಡುವೆ ಒಂದು, ಹಿಂದೆರಡು. ಯಾವುದು ಮೊದಲು ಒದ್ದೆಯಾಗುತ್ತದೋ ನೋಡೋಣ.

12 ಜುಲೈ, ಶುಕ್ರವಾರ

ಮುಂದಿನ ಎರಡೂ ಪಟ್ಟಿ ತೊಯ್ದು ನೆಲಕ್ಕೆ ಅಂಟಿದ್ದವು. ಹಿಂದಿನವು ಗರಿಗರಿ. ಅಂದರೆ ನೀರು ಹಿಂದಿನಿಂದ ಬರುತ್ತಿಲ್ಲ, ಒಳಗೆ ತುಂಬಿ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿದೆ.

ರಿಪೇರಿಯವರಿಗೆ ಫೋನ್ ಮಾಡಿದೆ. ವಿಷಯ ಪೂರ್ತಿ ಕೇಳುವ ಮೊದಲೇ, "ಗ್ಯಾಸ್ ಹೋಗಿರ್ಬೇಕು ಮೇಡಂ. ಮೂರೂವರೆ ಸಾವಿರ ಆಗುತ್ತೆ. ಮಳೆ ಬಿಟ್ಮೇಲೆ ಬರ್ತೀನಿ" ಎಂದರು. ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟ ಮೇಲೆ ಅಂದರೆ ದಸರಾ ಹೊತ್ತಿಗೆ.

ಫ್ರಿಜ್ಜನ್ನು ತಂಪು ಮಾಡುವುದೇ ಆ ಗ್ಯಾಸು, ಅದು ಹೋಗಿದ್ದರೆ ಮೊದಲು ತಂಪು ಹೋಗಬೇಕು. ಐಸ್ ಟ್ರೇಯಲ್ಲಿ ಐಸು ಕಲ್ಲಿನ ಹಾಗಿದೆ, ಮೊಸರು ಹುಳಿ ಬಂದಿಲ್ಲ. ಅಲ್ಲದೆ ಆ ಗ್ಯಾಸು ಸೋರಿದರೂ ನೀರಾಗಿ ಸೋರುವುದಿಲ್ಲ, ಗಾಳಿಗೆ ಸೇರಿ ಹೋಗುತ್ತದೆ. ನಮ್ಮ ಕಡೆ ಫ್ರಿಜ್ಜಿಗೆ ಏನೇ ಆದರೂ ಗ್ಯಾಸ್ ಹೋಯಿತು ಅನ್ನುವುದು, ಮಗು ಯಾಕೆ ಅತ್ತರೂ ದೃಷ್ಟಿ ಆಯ್ತು ಅಂದ ಹಾಗೆ.

ಬಾಗಿಲ ರಬ್ಬರ್ ಮೇಲೆ ಅನುಮಾನ ಬಂದು ಹತ್ತು ರೂಪಾಯಿ ನೋಟನ್ನು ಸಂದಿಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದೆ. ಸುತ್ತ ಎಲ್ಲ ಕಡೆ ಬಿಗಿ. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ನೋಟು ಸಲೀಸಾಗಿ ಬಂತು. ಮಡಿಕೆಯಲ್ಲಿ ಹಿಟ್ಟು, ಎಣ್ಣೆಜಿಡ್ಡು. ಸೋಪು ನೀರಲ್ಲಿ ಒರೆಸಿದೆ. ಆದರೆ ಆ ಮೂಲೆ ಒಂದರಿಂದ ದಿನಕ್ಕೆ ಇಷ್ಟು ನೀರು? ನಂಬಿಕೆ ಬರಲಿಲ್ಲ.

ಮಗಳ ಸಹಾಯದಿಂದ ಫ್ರಿಜ್ಜನ್ನು ಮುಂದೆ ಎಳೆದೆ. ಎಂಟು ವರ್ಷದಲ್ಲಿ ಮೊದಲ ಸಲ ಅದರ ಬೆನ್ನು ನೋಡಿದ್ದು. ಬಲೆ, ದೂಳು, ಒಣಗಿದ ಹಲ್ಲಿಮರಿ. ತಳದಲ್ಲಿ ಹಂಡೆಯಾಕಾರದ ಕರೀ ಕಂಪ್ರೆಸರ್, ಅದರ ತಲೆಯ ಮೇಲೆ ಅಂಗೈ ಎರಡರಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆ. ಮೇಲಿನಿಂದ ಒಂದು ಕೊಳವೆ ಬಂದು ತಟ್ಟೆಯ ಮೇಲೆ ಬಾಯಿ ಬಿಟ್ಟಿದೆ. ತಟ್ಟೆಯ ಗೋಡೆಯಲ್ಲಿ ಒಂದು ಬೆರಳು ಎತ್ತರಕ್ಕೆ ದೂಳಿನ ಗೆರೆ, ಕೆರೆ ಬತ್ತಿದಾಗ ದಂಡೆಯಲ್ಲಿ ಉಳಿಯುತ್ತದಲ್ಲ ಹಾಗೆ. ಹಿಂದೆಲ್ಲ ಅಲ್ಲಿಯವರೆಗೆ ನೀರು ನಿಲ್ಲುತ್ತಿತ್ತು ಎಂದಾಯಿತು.

ಈಗ ತಟ್ಟೆ ಒಣಒಣ. ಈ ಮಳೆಯಲ್ಲಿ, ಇಡೀ ಮನೆಯಲ್ಲಿ ಒಣಗಿದ್ದ ವಸ್ತು ಅದೊಂದೇ ಇರಬೇಕು.

ಲೆಕ್ಕ ಬರೆಯುವ ಕೆಲಸದವಳು ನಾನು. ದಿನಾ ಜಮಾ ಆಗಬೇಕಿದ್ದದ್ದು ಒಂದು ಖಾತೆಯಲ್ಲಿ ಇಲ್ಲವೆಂದರೆ ಇನ್ನೊಂದರಲ್ಲಿ ಇದ್ದೇ ಇರುತ್ತದೆ. ತಟ್ಟೆಗೆ ಬರಬೇಕಿದ್ದ ನೀರು ದಾರಿ ಕಟ್ಟಿಕೊಂಡು ತರಕಾರಿ ಡಬ್ಬಿಗೆ ಇಳಿದಿದೆ.

14 ಜುಲೈ, ಭಾನುವಾರ

ಪ್ಲಗ್ ಕಿತ್ತು, ಎಲ್ಲ ಹೊರಗಿಟ್ಟೆ. ಮೂರು ಡಬ್ಬಿ ನಿಂಬೆ ಉಪ್ಪಿನಕಾಯಿ ಸಿಕ್ಕಿತು. ಮೂರಕ್ಕೂ ಮುಚ್ಚಳ ಬೇರೆ, ರುಚಿ ಒಂದೇ. ದೋಸೆ ಹಿಟ್ಟನ್ನು ಅತ್ತೆ ತಮ್ಮ ವಶಕ್ಕೆ ತಗೊಂಡರು. ತಟ್ಟೆ ಮುಚ್ಚದೆ ಇಟ್ಟಿದ್ದ ಸಾರಿನ ಪಾತ್ರೆ ನೋಡಿ ನಾನೇನೂ ಹೇಳಲಿಲ್ಲ. ಅವರೂ ಹೇಳಲಿಲ್ಲ.

ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ, ಅಂದರೆ ಹಿಮವನ್ನು ತಾನೇ ಕರಗಿಸಿಕೊಳ್ಳುವಂಥದು, 260 ಲೀಟರಿನದು. ಫ್ರೀಜರಿನ ನೆಲದಲ್ಲಿ ಹೆಬ್ಬೆರಳು ದಪ್ಪದ ಮಂಜುಗಡ್ಡೆಯ ಹಾಸು. ಅದರೊಳಗೆ ಒಂದು ಹಸಿರು ಬಟಾಣಿ, ಒಂದಷ್ಟು ಕಾಯಿತುರಿ, ಅರ್ಧ ಕರಿಬೇವಿನೆಲೆ, ಗಾಜಿನೊಳಗೆ ಕೂರಿಸಿದ ಹಾಗೆ. ಮಗಳಿಗೆ ಅದನ್ನು ಕರಗಿಸುವುದೇ ಬೇಡವಾಗಿತ್ತು.

ಅತ್ತೆ ಸಟ್ಟುಗ ತಂದರು, ಮೀಟಿ ಎಬ್ಬಿಸಲು. ಕೈ ಹಿಡಿದು ತಡೆದೆ. ನನ್ನ ನಾದಿನಿ ಮನೆಯಲ್ಲಿ ಹಳೇ ಸಿಂಗಲ್ ಡೋರ್ ಫ್ರಿಜ್ ಇತ್ತು. ಐಸು ಕೆತ್ತಲು ಹೋಗಿ ಚಾಕು ತುದಿ ತಗುಲಿ ಸುಯ್ ಅಂತ ಶಬ್ದ ಬಂದಿದ್ದೇ ಕೊನೆ, ಫ್ರಿಜ್ಜು ಪಾತ್ರೆ ಇಡುವ ಕಪಾಟಾಯಿತು. ಗ್ಯಾಸು ಹರಿಯುವ ಅಲ್ಯೂಮಿನಿಯಂ ಅಷ್ಟು ತೆಳು. ನಮ್ಮದರ ಬೆನ್ನಿನ ಚೀಟಿಯಲ್ಲಿ ಒಳಗಿನ ಗ್ಯಾಸು ಆರ್600ಎ ಎಂದು ಬರೆದಿದೆ. ಅದು ಐಸೋಬ್ಯೂಟೇನ್, ಬೆಂಕಿ ಹಿಡಿಯುವ ಅನಿಲ. ಇರುವುದು ಕೆಲವೇ ಹತ್ತು ಗ್ರಾಂ ಆದರೂ ಪಕ್ಕದಲ್ಲೇ ಒಲೆ ಇರುವ ಅಡುಗೆಮನೆಯಲ್ಲಿ ಅದಕ್ಕೆ ತೂತು ಹಾಕುವ ಧೈರ್ಯ ನನಗಿಲ್ಲ. ಬಚ್ಚಲ ಹಂಡೆಯಿಂದ ಉಗುರುಬೆಚ್ಚಗಿನ ನೀರು ತಂದು ಬಟ್ಟೆ ಅದ್ದಿ ಅದ್ದಿ ಐಸಿನ ಮೇಲೆ ಹಾಸಿದೆ. ಕುದಿನೀರು ಹಾಕಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಕರಗಿದ್ದನ್ನೆಲ್ಲ ಬಟ್ಟೆಯಿಂದ ಹಿಂಡಿ ಬಕೆಟ್ಟಿಗೆ ಹಾಕಿದೆ (ಇದು ಆಮೇಲೆ ಲೆಕ್ಕಕ್ಕೆ ಬರುತ್ತದೆ).

ಫ್ರೀಜರಿನ ಹಿಂಗೋಡೆಗೆ ಎರಡು ಸ್ಕ್ರೂ. ಬಿಚ್ಚಿ, ಫ್ಯಾನಿನ ವೈರು ಎಳೆಯದ ಹಾಗೆ ನಿಧಾನ ಮುಂದಕ್ಕೆ ವಾಲಿಸಿದೆ. ಒಳಗೆ ಬಾಚಣಿಗೆ ಹಲ್ಲಿನಂಥ ತಗಡಿನ ಸಾಲು, ಅದರ ಕೆಳಗೆ ಗಾಜಿನ ಕೊಳವೆಯ ಹೀಟರ್. ಫ್ರಿಜ್ಜಿನೊಳಗೆ ಹೀಟರ್ ಇದೆ ಅಂದರೆ ಅತ್ತೆ ನಂಬಲಿಲ್ಲ. ಆ ತಗಡುಗಳ ಮೇಲೆ ದಿನವೂ ಹಿಮ ಕಟ್ಟುತ್ತದೆ. ಕೆಲವು ಗಂಟೆಗೊಮ್ಮೆ ಕಂಪ್ರೆಸರ್ ನಿಂತು ಹೀಟರ್ ಹತ್ತಿಕೊಂಡು ಅದನ್ನು ಕರಗಿಸುತ್ತದೆ. ರಾತ್ರಿ ಫ್ರಿಜ್ಜಿನಿಂದ ಒಮ್ಮೊಮ್ಮೆ ಕಾವಲಿ ಮೇಲೆ ನೀರು ಬಿದ್ದ ಹಾಗೆ ಚುಯ್ ಕೇಳುವುದು ಅದೇ. ಕರಗಿದ ನೀರು ಅಡಿಯ ದೋಣಿಗೆ ಬಿದ್ದು, ದೋಣಿಯ ನಡುವಿನ ತೂತಿನಿಂದ ಕೊಳವೆ ಹಿಡಿದು, ಹಿಂದಿನ ತಟ್ಟೆಗೆ ಇಳಿದು, ಕಂಪ್ರೆಸರ್ ಬಿಸಿಗೆ ಆವಿಯಾಗಬೇಕು. ಎಂಟು ವರ್ಷ ನಮಗೆ ಒಂದು ಹನಿಯೂ ಕಾಣದ ಹಾಗೆ ಇದು ನಡೆದಿದೆ.

"ನಾವು ಹಾಕಿದ್ದಲ್ಲ ಅಂದ್ಮೇಲೆ ನೀರು ಎಲ್ಲಿಂದ ಬಂತೇ?" ಅಂದರು ಅತ್ತೆ.

"ಉಪ್ಪಿನ ಭರಣಿಗೆ ಯಾರು ನೀರು ಹಾಕಿದ್ರು ಅತ್ತೆ?"

ಅಷ್ಟು ಸಾಕಾಯಿತು ಅವರಿಗೆ. ಆಷಾಢದ ಗಾಳಿ ಉಪ್ಪನ್ನು ನೀರು ಮಾಡುತ್ತದೆ, ಬೆಂಕಿಪೆಟ್ಟಿಗೆಯನ್ನು ಮೆತ್ತಗೆ ಮಾಡುತ್ತದೆ. ಅದೇ ಗಾಳಿ ಬಾಗಿಲು ತೆಗೆದಾಗಲೆಲ್ಲ ಒಳಗೆ ನುಗ್ಗುತ್ತದೆ.

ನನಗೆ ಮಾತ್ರ ಅಷ್ಟು ಸಾಲದೆ ಲೆಕ್ಕ ಹಾಕಿದೆ. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರು ಹೊತ್ತಿರುತ್ತದೆ, 4 ಡಿಗ್ರಿಯಲ್ಲಿ ಹೊರಲು ಆಗುವುದು ಆರು ಗ್ರಾಂ ಚಿಲ್ಲರೆ. ನಮ್ಮ ಫ್ರಿಜ್ಜು ಕಾಲು ಘನ ಮೀಟರಿನಷ್ಟು. ಒಳಗಿನ ಗಾಳಿ ಪೂರ್ತಿ ಬದಲಾದರೆ ನಾಲ್ಕು ಗ್ರಾಂ, ಅರ್ಧ ಬದಲಾದರೆ ಎರಡು. ನಿನ್ನೆ ಮಗಳಿಗೆ ಬಾಗಿಲು ತೆಗೆದಾಗಲೆಲ್ಲ ಗೀಟು ಹಾಕಲು ಹೇಳಿದ್ದೆ. ರಾತ್ರಿಗೆ 53 ಗೀಟು. ಅಲ್ಲಿಗೆ 100 ಗ್ರಾಂ ದಾಟಿತು, ಮುಚ್ಚದ ಸಾರಿನ ಪಾಲು ಬೇರೆ. ಒಂದು ಕಾಫಿ ಲೋಟ ನೀರು, ದಿನಾ.

ದೋಣಿಯ ತೂತು ಐಸು ಕಟ್ಟಿ ಮುಚ್ಚಿತ್ತು. ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಲ್ಲಿ ಬೆಚ್ಚನೆಯ ನೀರು ಬಿಟ್ಟೆ. ಮೊದಲೆರಡಕ್ಕೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಗುಳಕ್ ಅಂತು, ನಿಂತ ನೀರೆಲ್ಲ ಸುಳಿ ತಿರುಗಿ ಒಳಗೆ ಹೋಯಿತು. ಇನ್ನೆರಡು ಬಿಟ್ಟೆ, ಅದೂ ಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಎಲ್ಲ ಜೋಡಿಸಿದೆ. ಬೆಂಗಳೂರಲ್ಲಿರುವ ಇವರಿಗೆ ಫೋನ್ ಮಾಡಿ ಮೂರೂವರೆ ಸಾವಿರ ಉಳಿಸಿದೆ ಅಂತ ಹೇಳಿಯೂ ಬಿಟ್ಟೆ.

17 ಜುಲೈ, ಬುಧವಾರ

ಮೊಹರಂ ರಜೆ. ಪ್ರಥಮ ಏಕಾದಶಿಯೂ ಇವತ್ತೇ, ಅತ್ತೆಗೆ ಉಪವಾಸ. ಬಾಳೆಹಣ್ಣು, ಹಾಲು ಅಂತ ಫ್ರಿಜ್ ತೆಗೆದವರು ಏನೂ ಮಾತಾಡದೆ ನೆಲ ಒರೆಸುವ ಬಟ್ಟೆ ತಂದುಕೊಟ್ಟರು.

ಟಿವಿಯಲ್ಲಿ ಅಂಕೋಲಾದ ಶಿರೂರಿನಲ್ಲಿ ನಿನ್ನೆ ಹೆದ್ದಾರಿ ಮೇಲೆ ಗುಡ್ಡ ಕುಸಿದ ಸುದ್ದಿ ಬರುತ್ತಲೇ ಇತ್ತು. ಅದನ್ನು ನೋಡಿಕೊಂಡು ನಮ್ಮ ಲೋಟ ನೀರಿನ ಗೋಳು ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನೆ ಒರೆಸಿದೆ.

ರಾತ್ರಿ ಮಲಗಿದಾಗ ಹೊಳೆಯಿತು. ಭಾನುವಾರ ನೀರು ತೂತಿನೊಳಗೆ ಹೋಗಿದ್ದು ನೋಡಿದೆ, ತಟ್ಟೆಗೆ ಬಂದಿದ್ದು ನೋಡಲೇ ಇಲ್ಲ! ಖರ್ಚು ಬರೆದು ರಸೀದಿ ಕೇಳದೆ ಪುಸ್ತಕ ಮುಚ್ಚಿದ ಹಾಗಾಯಿತು. ಎದ್ದು ಕೂತು ಲೆಕ್ಕ ಮಾಡಿದೆ. ಕೊಳವೆ ಸುಮಾರು ಒಂದು ಮೀಟರ್ ಉದ್ದ, ಒಳಗಿನ ಅಗಲ 12 ಮಿ.ಮೀ. ಇರಬಹುದು. ಹಿಡಿಸುವುದು 113 ಮಿ.ಲೀ. ನಾನು ಬಿಟ್ಟದ್ದು ಐದು ಸಿರಿಂಜು, 100 ಮಿ.ಲೀ. ಐಸಿನ ನೀರನ್ನೆಲ್ಲ ಬಟ್ಟೆಯಲ್ಲೇ ಹಿಂಡಿ ತೆಗೆದಿದ್ದೆ. ಕೊಳವೆಯ ಕೆಳಬಾಯಿ ಮುಚ್ಚಿದ್ದರೂ ಅಷ್ಟು ನೀರು ಆರಾಮಾಗಿ ಒಳಗೆ ಹೋಗಿ ಕೂತಿರುತ್ತದೆ. ಮರುದಿನ ಹಿಮ ಕರಗಿದಾಗ ಮೇಲೆ ಜಾಗವಿಲ್ಲ. ದೋಣಿ ತುಂಬಿ, ತೂತಿನ ಬಾಯಲ್ಲಿ ಮತ್ತೆ ಐಸು.

ಅಂದರೆ ಐಸು ರೋಗವಲ್ಲ. ರೋಗ ಕೆಳಗಿದೆ.

20 ಜುಲೈ, ಶನಿವಾರ

ಈ ಸಲ ನೀರಿಗೆ ಬಣ್ಣ ಬೇಕಿತ್ತು, ತಟ್ಟೆಗೆ ಬಂದದ್ದು ನಾನು ಬಿಟ್ಟ ನೀರೇ ಅಂತ ಗೊತ್ತಾಗಲು. ಅರಿಶಿನ ಹಾಕಿದರೆ ಕಲೆ ಹೋಗುವುದಿಲ್ಲ. ಬೀಟ್‌ರೂಟ್ ಪಲ್ಯಕ್ಕೆ ಬೇಯಿಸಿ ಬಸಿದ ನೀರು ಇತ್ತು, ಅದನ್ನೇ ಸೋಸಿ ಇಟ್ಟುಕೊಂಡೆ. ಪ್ಲಗ್ ಕಿತ್ತು, ಐಸು ಕರಗಿಸಿ, ತೂತಿಗೆ ಎರಡು ಸಿರಿಂಜ್ ಬಿಟ್ಟೆ. ಮಗಳು ಟಾರ್ಚ್ ಹಿಡಿದು ಹಿಂದೆ ಕೂತಿದ್ದಳು.

"ಬಂತಾ?"

"ಇಲ್ಲಮ್ಮ."

ಮೂರನೆಯದು. "ಬಂತಾ?" "ಇಲ್ಲ." ನಾಲ್ಕನೆಯದು ಒಳಗೆ ಹೋಗದೆ ದೋಣಿಯಲ್ಲೇ ನಿಂತಿತು.

ಹಿಂದೆ ಹೋಗಿ ಕೊಳವೆಯ ತುದಿ ಹಿಡಿದು ನೋಡಿದೆ. ಅಲ್ಲೊಂದು ರಬ್ಬರ್ ಮೂತಿ, ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ. ಎರಡು ತುಟಿ ಕೂಡಿಕೊಂಡಿರುತ್ತವೆ, ಮೇಲಿನಿಂದ ನೀರಿನ ಭಾರ ಬಿದ್ದರೆ ತೆರೆಯುತ್ತವೆ, ಕೆಳಗಿನ ಬಿಸಿ ಗಾಳಿಯನ್ನು ಮೇಲೆ ಬಿಡುವುದಿಲ್ಲ. ನಮ್ಮದರ ತುಟಿ ಕಪ್ಪು ಲೋಳೆ ಕಟ್ಟಿ ಅಂಟಿಹೋಗಿತ್ತು. ತಿರುಚಿ ಎಳೆದೆ. ಬಂದಿದ್ದೇ ತಡ, ಕೊಳವೆಯಲ್ಲಿದ್ದದ್ದೆಲ್ಲ ಕೈಮೇಲೆ ಸುರಿಯಿತು. ಕೆಂಪು ನೀರು, ಅದರ ಹಿಂದೆ ಹೊಗೆಸೊಪ್ಪು ಅಗಿದು ಉಗಿದಂಥ ಕರಿ ಎಳೆಗಳು. ವಾಸನೆ ಬಗ್ಗೆ ಬರೆಯುವುದು ಬೇಡ, ಮಗಳು ಟಾರ್ಚ್ ಸಮೇತ ಜಗುಲಿಗೆ ಓಡಿದಳು. ಫ್ರೀಜರಿನ ನೆಲದ ಜಾಲರಿ ಸಂದಿಯಲ್ಲಿ ಬಿದ್ದ ಕಾಯಿತುರಿ, ಸೊಪ್ಪಿನ ಚೂರು, ದೂಳು, ಎಲ್ಲ ಹನಿಹನಿ ನೀರಿನ ಜೊತೆ ವರ್ಷಗಟ್ಟಲೆ ಇಳಿದು ಆ ಮೂತಿಯಲ್ಲಿ ಕೊಳೆತದ್ದು.

ರಬ್ಬರನ್ನು ಸೋಪು ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಕೊಳವೆಗೆ ಮೇಲಿನಿಂದ ಅಡುಗೆ ಸೋಡಾ ಕಲಸಿದ ಬೆಚ್ಚನೆಯ ನೀರು ಬಿಟ್ಟೆ, ಶುದ್ಧ ನೀರು ಬರುವವರೆಗೆ. ಅಷ್ಟರಲ್ಲಿ ರಿಪೇರಿಯವರಿಂದಲೇ ಫೋನ್ ಬಂತು. ವಿಷಯ ಹೇಳಿದೆ. "ಓ ಅದಾ, ಆ ರಬ್ಬರ್ ಕತ್ತರಿಸಿ ಬಿಸಾಕಿ ಮೇಡಂ, ನಾವೆಲ್ಲ ಹಾಗೇ ಮಾಡೋದು" ಎಂದರು. ಬಯಲುಸೀಮೆಯಲ್ಲಾದರೆ ನಡೆದೀತು. ಇಲ್ಲಿಯ ಗಾಳಿ ಆ ಕೊಳವೆಯಲ್ಲಿ ಮೇಲೇರಿ ತೂತಿನ ಬಾಯಲ್ಲೇ ಐಸು ಕಟ್ಟುತ್ತದೆ, ಮತ್ತೆ ಮೊದಲಿನ ಕತೆ. ತೊಳೆದು ವಾಪಸ್ ಹಾಕಿದೆ. ಗ್ಯಾಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಉಳಿದ ಬೀಟ್‌ರೂಟ್ ನೀರು ಅಳೆದು 200 ಮಿ.ಲೀ. ಬಿಟ್ಟೆ. ಈ ಸಲ "ಬಂತಾ" ಅಂತ ಕೇಳುವ ಮೊದಲೇ ಹಿಂದಿನಿಂದ ಕೂಗು. ತಟ್ಟೆಯಿಂದ ಬಗ್ಗಿಸಿ ಅಳೆದರೆ 190. ಹತ್ತು ಮಿ.ಲೀ. ವ್ಯತ್ಯಾಸವನ್ನು ಸೊಸೈಟಿಯಲ್ಲಾದರೆ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಪ್ಲಗ್ ಹಾಕಿದ್ದು, ರಾತ್ರಿ ಹತ್ತೂವರೆಗೆ ಚುಯ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿ ನೋಡಿದೆ. ರಬ್ಬರ್ ಮೂತಿ ಒಂದು ಹನಿ ಹಿಡಿದುಕೊಂಡಿತ್ತು. ಬಿಟ್ಟಿತು. ಇನ್ನೊಂದು. ತಟ್ಟೆಯ ಮೂಲೆಯಲ್ಲಿ ಅಂಗೈಯಷ್ಟು ನೀರು, ಬೆರಳಿಟ್ಟರೆ ಬೆಚ್ಚಗೆ.

ಬಾಗಿಲ ರಬ್ಬರಿನ ಕೆಳಮೂಲೆ ಇನ್ನೂ ಬಾಕಿ ಇದೆ. ಫ್ರಿಜ್ಜು ಗೋಡೆಯಿಂದ ಎರಡಡಿ ಮುಂದೆಯೇ ನಿಂತಿದೆ. ಒಂದು ವಾರ ಹಾಗೇ ಇರಲಿ, ದಿನಾ ತಟ್ಟೆ ನೋಡಬೇಕು ಎಂದಿದ್ದೇನೆ. ಒಲೆ ಕಡೆಗೆ ಅಡ್ಡಡ್ಡ ನಡೆದು ಹೋಗಬೇಕಲ್ಲ ಅಂತ ಅತ್ತೆ ಗೊಣಗುತ್ತಿದ್ದಾರೆ.