ಹಿಮ್ಮಡಿ ಚುಚ್ಚುವ ಮುಂಚಿನ ಎರಡು ನಿಮಿಷ

ಕಾಮಾಲೆ ಎಷ್ಟಿದೆ, ಸಕ್ಕರೆ ಇಳಿದಿದೆಯೇ, ಥೈರಾಯ್ಡ್ ಸರಿಯಿದೆಯೇ ಎಂದು ನೋಡಲು ಹಸುಗೂಸಿನ ಹಿಮ್ಮಡಿಯಿಂದ ರಕ್ತ ತೆಗೆಯುತ್ತಾರೆ. ಚುಚ್ಚುವುದಕ್ಕೆ ಒಂದು ಕ್ಷಣ ಸಾಕು. ನೋವು ಕಡಿಮೆ ಮಾಡುವ ಕೆಲಸ ಮಾತ್ರ ಅದಕ್ಕಿಂತ ಮೊದಲೇ ಶುರುವಾಗಬೇಕು. ವಾರ್ಡಿನಲ್ಲಿ ಎಡವುವುದು ಇಲ್ಲೇ: ನೋವು ತಗ್ಗಿಸುವ ಸಿಹಿ ನೀರಿನ ಹನಿ ಕೂಸು ಕಿರುಚಿದ ಮೇಲೆ ಬಾಯಿಗೆ ಬೀಳುತ್ತದೆ.

ತಾಯಿ ಹತ್ತಿರವಿದ್ದರೆ ಸಿಹಿ ನೀರಿನ ಗೊಡವೆಯೇ ಬೇಡ, ಎದೆಗೆ ಹಾಕಿಸಿ. ಕಾಟಾಚಾರಕ್ಕೆ ತೊಟ್ಟು ಬಾಯಿಗಿಟ್ಟರೆ ಸಾಲದು. ಕೂಸು ಸರಿಯಾಗಿ ಕಚ್ಚಿಕೊಂಡು, ಚೀಪಿ ನುಂಗುವ ಲಯ ಹಿಡಿದು ಎರಡು ಮೂರು ನಿಮಿಷ ಆಗಲಿ. ಬಟ್ಟೆಯಿಂದ ಒಂದು ಕಾಲನ್ನಷ್ಟೇ ಹೊರತೆಗೆದು ಕೆಳಗೆ ಇಳಿಬಿಡಿ, ರಕ್ತವೂ ಸಲೀಸಾಗಿ ಬರುತ್ತದೆ. ಚುಚ್ಚುವಾಗ ಹಾಲು ನೆತ್ತಿಗೆ ಹತ್ತುತ್ತದೆ ಎಂದು ಎಷ್ಟೋ ಜನ ಹೆದರಿ ಆ ಹೊತ್ತಿಗೆ ಸರಿಯಾಗಿ ಕೂಸನ್ನು ಎದೆಯಿಂದ ಬಿಡಿಸುತ್ತಾರೆ. ನೋವು ತಡೆಯುತ್ತಿದ್ದದ್ದೇ ಆ ಚೀಪುವಿಕೆ. ರಕ್ತ ತೆಗೆದು ಮುಗಿಯುವವರೆಗೂ ಅದು ನಡೆಯಲಿ. ಹಾಲು ಕುಡಿಯಲಾಗದ ಕೂಸನ್ನು ಅಮ್ಮನ ಬರಿ ಎದೆಯ ಮೇಲೆ ಮಲಗಿಸಿ ಹತ್ತು ಹದಿನೈದು ನಿಮಿಷ ಬಿಟ್ಟು, ಅಲ್ಲೇ ಹಿಮ್ಮಡಿ ಚುಚ್ಚಬಹುದು.

ತಾಯಿ ಆಪರೇಷನ್ ಆಗಿ ಬೇರೆ ವಾರ್ಡಿನಲ್ಲಿದ್ದರೆ ಸಿಹಿ ದ್ರಾವಣ. 24% ಸುಕ್ರೋಸ್ (ಸಾದಾ ಸಕ್ಕರೆ) ದ್ರಾವಣದ ಬಗ್ಗೆ ಅಧ್ಯಯನಗಳು ಹೆಚ್ಚು. ಅದು ಸಿಗದ ಕಡೆ ಟ್ರಾಲಿಯಲ್ಲಿರುವ 25% ಡೆಕ್ಸ್ಟ್ರೋಸ್ (ಗ್ಲೂಕೋಸ್ ದ್ರಾವಣ) ಬಳಸುತ್ತಾರೆ. ತಿಂಗಳು ತುಂಬಿ ಹುಟ್ಟಿದ ಕೂಸಿಗೆ 1 ಮಿ.ಲೀ., ತಿಂಗಳು ತುಂಬದ್ದಕ್ಕೆ 0.2ರಿಂದ 0.5 ಮಿ.ಲೀ. ಸಾಕು. ಸೂಜಿ ತೆಗೆದ ಸಿರಿಂಜಿನಿಂದ ನಾಲಿಗೆಯ ಮುಂಭಾಗಕ್ಕೆ ಹನಿಹನಿಯಾಗಿ ಬಿಡಿ: ಅರ್ಧದಷ್ಟನ್ನು ಚುಚ್ಚುವ ಎರಡು ನಿಮಿಷ ಮೊದಲು, ಉಳಿದದ್ದನ್ನು ಚುಚ್ಚುವಾಗ. ನಾಲಿಗೆಗೆ ರುಚಿ ಹತ್ತಿದರೇ ಕೆಲಸ. ಮೂಗಿನ ನಳಿಕೆಯಲ್ಲಿ ನೇರ ಹೊಟ್ಟೆಗೆ ಹಾಕಿದರೆ ಉಪಯೋಗವಿಲ್ಲ. ಪರಿಣಾಮ ಐದಾರು ನಿಮಿಷಕ್ಕೆ ಇಳಿಯುತ್ತದೆ. ಬಾಯಿಗೆ ಏನೂ ಕೊಡಬಾರದೆಂದು ಬರೆದಿರುವ ಕೂಸಿಗೆ ಡಾಕ್ಟರನ್ನು ಕೇಳದೆ ಹನಿಯೂ ಬೇಡ. ಜೇನುತುಪ್ಪವಂತೂ ಕೂಡದೇ ಕೂಡದು, ಬಾಟ್ಯುಲಿಸಂ ಎಂಬ, ಬ್ಯಾಕ್ಟೀರಿಯಾ ವಿಷದಿಂದ ಬರುವ ಕಾಯಿಲೆಯ ಅಪಾಯವಿದೆ.

ಸಿಹಿಯನ್ನೇ ಪೂರ್ತಿ ನಂಬುವಂತಿಲ್ಲ. ಸುಕ್ರೋಸ್ ಕೊಟ್ಟ ಕೂಸುಗಳ ಮುಖದಲ್ಲಿ ನೋವಿನ ಚಹರೆ ಕಡಿಮೆಯಾದರೂ, ಮೆದುಳಿನಲ್ಲಿ ದಾಖಲಾದ ನೋವಿನ ಅಲೆ ಕಡಿಮೆಯಾಗಲಿಲ್ಲ ಎಂದು 2010ರ ಲಂಡನ್ ಅಧ್ಯಯನವೊಂದು ತೋರಿಸಿತು. ಹಾಗಾಗಿ ಸಿಹಿಯ ಜೊತೆಗೆ ಕೈಯೂ ಇರಲಿ. ಇನ್ನೊಬ್ಬರು ಒಂದು ಅಂಗೈಯನ್ನು ತಲೆಯ ಮೇಲಿಟ್ಟು, ಇನ್ನೊಂದರಿಂದ ಕೈಗಳನ್ನು ಎದೆಗೆ, ಬಿಡುವಾಗಿರುವ ಕಾಲನ್ನು ಹೊಟ್ಟೆಗೆ ಮಡಚಿ ಹಗುರಾಗಿ ಹಿಡಿಯಬೇಕು. ತಟ್ಟುವುದು, ಅಲ್ಲಾಡಿಸುವುದು ಬೇಡ.

ಇನ್ನು ಹಿಮ್ಮಡಿ. ಅದರ ಅಡಿಭಾಗದ ಎರಡು ಅಂಚುಗಳಷ್ಟೇ ಸುರಕ್ಷಿತ. ಹೆಬ್ಬೆರಳಿನ ನಡುವಿನಿಂದ ಒಂದು ಗೆರೆ, ಕೊನೆಯ ಎರಡು ಬೆರಳುಗಳ ಸಂದಿನಿಂದ ಇನ್ನೊಂದು ಗೆರೆ ಹಿಮ್ಮಡಿವರೆಗೆ ಎಳೆದಂತೆ ಭಾವಿಸಿ. ಅವುಗಳ ಹೊರಗಿನ ಭಾಗದಲ್ಲಿ ಚುಚ್ಚಿ. ನಡುವೆಯೂ ಹಿಂಬದಿಯ ತಿರುವಿನಲ್ಲೂ ಮೂಳೆ ಹತ್ತಿರ. ಸಾದಾ ಸೂಜಿಗೆ ಆಳದ ಲೆಕ್ಕವಿಲ್ಲ. ಸ್ಪ್ರಿಂಗ್ ಲ್ಯಾನ್ಸೆಟ್ (ಒತ್ತಿದರೆ ತಾನೇ ಚುಚ್ಚುವ ಪುಟ್ಟ ಸಾಧನ) ಒಂದೇ ಆಳಕ್ಕೆ ಇಳಿಯುತ್ತದೆ, ಮರುಚುಚ್ಚುವುದೂ ಕಡಿಮೆ. ಸ್ಪಿರಿಟ್ ಪೂರ್ತಿ ಆರಲಿ, ಇಲ್ಲದಿದ್ದರೆ ಗಾಯ ಉರಿಯುತ್ತದೆ, ರಕ್ತಕಣವೂ ಒಡೆಯುತ್ತದೆ.

ನಿಜವಾದ ಹಿಂಸೆ ಆಮೇಲಿನದು, ಹಸುವಿನ ಕೆಚ್ಚಲು ಹಿಂಡಿದಂತೆ ಹಿಮ್ಮಡಿ ಹಿಂಡುವುದು. ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಬರುತ್ತದೆ, ಮತ್ತೆ ಸ್ಯಾಂಪಲ್ ಬೇಕಾಗುತ್ತದೆ, ಕೂಸಿಗೆ ಮತ್ತೆ ಚುಚ್ಚು. ಮೀನಖಂಡದ ಕೆಳಗೆ ಮೆಲ್ಲಗೆ ಒತ್ತಿ, ಬಿಟ್ಟು, ರಕ್ತ ತುಂಬಲು ಸಮಯ ಕೊಡಿ. ಹೆಚ್ಚು ರಕ್ತ ಬೇಕಿದ್ದರೆ ಪಳಗಿದವರು ರಕ್ತನಾಳದಿಂದಲೇ ತೆಗೆದರೆ ನೋವು ಕಡಿಮೆ. ಮರಗಟ್ಟಿಸುವ ಕ್ರೀಮ್, ಪ್ಯಾರಾಸಿಟಮಾಲ್ ಎರಡೂ ಹಿಮ್ಮಡಿ ಚುಚ್ಚಿನಲ್ಲಿ ಪ್ರಯೋಜನಕ್ಕೆ ಬಾರವು.

ಅಳು ಕೇಳಿ ನೋವು ಅಳೆಯಬೇಡಿ. ಹುಬ್ಬು ಉಬ್ಬಿ, ಕಣ್ಣು ಬಿಗಿಯಾಗಿ ಮುಚ್ಚಿ, ಮೂಗಿನಿಂದ ತುಟಿಯವರೆಗಿನ ಗೆರೆ ಆಳವಾದರೆ ಅದೇ ಗುರುತು. ತಿಂಗಳು ತುಂಬದ ಕೂಸು ಅಳದೆ ಸೋತು ಬಿದ್ದಿರಬಹುದು. ಮಾನಿಟರಿನಲ್ಲಿ ಆಮ್ಲಜನಕ ಇಳಿದದ್ದಷ್ಟೇ ಕಾಣುತ್ತದೆ. ಅಂಥ ಕೂಸಿಗೆ ದಿನಕ್ಕೆ ಹಲವು ಸಲ ಚುಚ್ಚುವುದರಿಂದ ಸಿಹಿ ಕೊಟ್ಟ ಹೊತ್ತು, ಪ್ರಮಾಣ ಕೇಸ್ ಶೀಟಿನಲ್ಲಿ ಬರೆಯಿರಿ. ಬೆಳಿಗ್ಗೆಯ ಮೂರು ಪರೀಕ್ಷೆಗಳನ್ನು ಒಂದೇ ಚುಚ್ಚಿನಲ್ಲಿ ಮುಗಿಸಬಹುದಿತ್ತೇ ಎಂಬುದೂ ಆ ಹಾಳೆಯಲ್ಲೇ ಕಾಣುತ್ತದೆ.